ಯಾರಿಗೂ ನೆನಪಿಲ್ಲದ ಮಂಗಳವಾರ

ಇಪ್ಪತ್ತೆರಡು ವರ್ಷ ನಾನು ನಮ್ಮೂರಿನ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಬೇರೆ ಊರುಗಳಲ್ಲಿ ಡ್ರಿಲ್ ಮಾಸ್ತರನೆಂದರೆ ಪಾಠ ಬಾರದವನು, ಬಿಸಿಲಲ್ಲಿ ನಿಂತು ಸೀಟಿ ಊದುವವನು ಎಂಬ ಅಸಡ್ಡೆ ಇರುತ್ತದಂತೆ. ನಮ್ಮಲ್ಲಿ ಹಾಗಿರಲಿಲ್ಲ. ಹೆಡ್‌ಮಾಸ್ತರರಿಗಿಂತ ಮೊದಲು ನನಗೆ ನಮಸ್ಕಾರ ಬೀಳುತ್ತಿತ್ತು. ಲೆಕ್ಕದ ಮಾಸ್ತರು ಭಾಗಾಕಾರವನ್ನು ಎಷ್ಟೇ ಚೆನ್ನಾಗಿ ಹೇಳಿಕೊಟ್ಟಿರಲಿ, ಪಾಠ ಮುಗಿದು ಒಂದು ಗಡಿಗೆ ಅನ್ನ ಬೇಯುವಷ್ಟರೊಳಗೆ ನಾನು ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದು ಏದುಸಿರು ಬರುವಂತೆ ಓಡಿಸದಿದ್ದರೆ, ಮರುದಿನ ಬೆಳಿಗ್ಗೆ ಅವರ ತಲೆಯಲ್ಲಿ ಭಾಗಾಕಾರವೂ ಇರುತ್ತಿರಲಿಲ್ಲ, ಲೆಕ್ಕದ ಮಾಸ್ತರು ಯಾವ ಬಣ್ಣದ ಅಂಗಿ ತೊಟ್ಟಿದ್ದರೆಂಬುದೂ ಇರುತ್ತಿರಲಿಲ್ಲ.

ನಮ್ಮದು ಸುಣ್ಣದ ಭಟ್ಟಿಗಳ ಊರು. ಮಾಳಿಗೆ, ಮರ, ದನದ ಬೆನ್ನು, ಎಲ್ಲದರ ಮೇಲೂ ಬಿಳಿ ಧೂಳು. ಭಟ್ಟಿಯಲ್ಲಿ ಬುಟ್ಟಿ ಹೊರುವವರು ದಿನವಿಡೀ ಏದುತ್ತಿರುವುದರಿಂದ ಅವರಿಗೆ ಯಾವುದೂ ಮರೆಯುತ್ತಿರಲಿಲ್ಲ. ಅವರ ಜೊತೆ ಯಾರೂ ಜಗಳ ಕಾಯುತ್ತಿರಲಿಲ್ಲ. ಬಟ್ಟೆ ಒಗೆಯುವ ಹೆಂಗಸರ ನೆನಪೂ ಗಟ್ಟಿ. ಬೀಡಿ ಕಟ್ಟುವವರು ಮಾತ್ರ ಕೂತಲ್ಲೇ ಕೂತಿರಬೇಕಾದ್ದರಿಂದ, ಉಳಿಸಿಕೊಳ್ಳಬೇಕಾದ ಮಾತು ಕಿವಿಗೆ ಬಿದ್ದ ಕೂಡಲೇ ಮೊರ ಪಕ್ಕಕ್ಕಿಟ್ಟು ಎದ್ದು, ಹೊಸ್ತಿಲನ್ನು ಐವತ್ತು ಸಲ ಹತ್ತಿ ಇಳಿಯುತ್ತಿದ್ದರು. ತಾಳಿ ಕಟ್ಟಿದ ಮೇಲೆ ಗಂಡು ಹೆಣ್ಣು ಇಬ್ಬರೂ ಊರ ಹೆಬ್ಬಾಗಿಲಾದ ಅಗಸಿಯವರೆಗೆ ಓಡಿ ಬರುತ್ತಿದ್ದರು. ಹೆಣ್ಣಿನ ಸೆರಗನ್ನು ಗೆಳತಿಯರು ಹಿಡಿದುಕೊಂಡು ಹಿಂದೆ ಓಡುತ್ತಿದ್ದರು. ಇನ್ನು ಬೇಡದ್ದನ್ನು ಕೂತು ಕಳೆಯುತ್ತಿದ್ದೆವು. ಮಾತಿಗೆ ಮಾತು ಬೆಳೆದು ಮನಸ್ಸು ಮುರಿದಾಗ ಯಾರಾದರೊಬ್ಬರು “ಬಾ, ಕುಂದ್ರೋಣು” ಅಂದರೆ ಮುಗಿಯಿತು. ಇಬ್ಬರೂ ಕಟ್ಟೆಯ ಮೇಲೆ ಅಲುಗದೆ ಕೂತುಬಿಡುತ್ತಿದ್ದರು. ಒಂದು ನಿದ್ದೆ ಕಳೆದು ಬೆಳಗಾದರೆ ಜಗಳ ಇರುತ್ತಿರಲಿಲ್ಲ. ನಾನೂ ನನ್ನ ಹೆಂಡತಿ ಗಿರಿಜಾಳೂ ಹೀಗೆ ಎಷ್ಟು ಸಲ ಕೂತಿದ್ದೇವೆಯೋ. ನಮ್ಮ ಸಂಸಾರ ಸುಖವಾಗಿಯೇ ಇತ್ತೆಂದು ಅಂದುಕೊಂಡಿದ್ದೇನೆ. ಖಚಿತವಾಗಿ ಹೇಳಲಾರೆ.

ಆ ವರ್ಷ ಆರನೇ ಇಯತ್ತೆಯಲ್ಲಿ ಕಸ್ತೂರಿ ಎಂಬ ಹುಡುಗಿ ಇದ್ದಳು. ಬೀಡಿ ಕಟ್ಟುವ ಹುಲಿಗೆವ್ವನ ಮಗಳು. ತಂದೆ ತೀರಿಹೋಗಿದ್ದ, ತಾಯಿ ಮಗಳು ಇಬ್ಬರೇ. ಹನ್ನೊಂದು ವರ್ಷದವಳು ನೋಡಲು ಎಂಟರ ಹಾಗಿದ್ದಳು. ನಾಲ್ಕು ಹೆಜ್ಜೆ ಓಡಿದರೆ ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಹಾಗಾಗಿ ಎಲ್ಲರಿಗಿಂತ ಹಿಂದೆ, ಬೇಲಿಯ ನೆರಳು ಹಿಡಿದು ನಡೆದಂತೆ ಓಡುತ್ತಿದ್ದಳು. ಮರುದಿನ ಪಾಠ ಕೇಳಿದರೆ ಬಾಯಿ ತೆರೆದು ನಿಲ್ಲುತ್ತಿದ್ದಳು. ನನಗೆ ಅದು ಸೋಮಾರಿತನವೆಂದೇ ಕಂಡಿತ್ತು. ಒಂದು ಸೋಮವಾರ ಇಡೀ ತರಗತಿಯ ಎದುರಿಗೆ ಅವಳ ಕಿವಿ ಹಿಂಡಿ, “ನಾಳಿಂದ ನಿನ್ನ ನಾ ಓಡಸ್ತೀನಿ ನೋಡು” ಅಂದಿದ್ದೆ. ಅದು ನನಗೆ ನೆನಪಿದೆ, ಯಾಕೆಂದರೆ ಆ ಸೋಮವಾರ ಮಕ್ಕಳ ಜೊತೆ ನಾನೂ ಓಡಿದ್ದೆ.

ಬುಧವಾರ ಬೆಳಿಗ್ಗೆ ಹುಲಿಗೆವ್ವ ಶಾಲೆಯ ಗೇಟಿಗೆ ಬಂದಳು. ತಲೆ ಬಾಚಿರಲಿಲ್ಲ.

“ನಮ್ಮ ಕಸ್ತೂರಿ ಸಾಲಿಗೆ ಬಂದಾಳೇನ್ರಿ ಮಾಸ್ತರ? ನಾ ಏಳೂದ್ರೊಳಗ ಆಕಿ ಮನ್ಯಾಗ ಇರಲಿಲ್ಲ.”

“ಇಲ್ಲವಾ, ಇನ್ನೂ ಬಂದಿಲ್ಲ. ಎಲ್ಲೆರ ಗೆಳತ್ಯಾರ ಮನಿಗೆ ಹೋಗಿರಬೇಕು ನೋಡು.”

“ಹಾಸಗಿ ಸುತ್ತಿಟ್ಟದ್ದು ಸುತ್ತಿಟ್ಟಂಗ ಐತ್ರೀ,” ಎಂದಳು. “ಹಾಸೇ ಇಲ್ಲ.”

ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಹುಡುಕತೊಡಗಿತು. ಭಟ್ಟಿಯವರು ಕೆಲಸ ನಿಲ್ಲಿಸಿ ಬಂದರು. ಬಾವಿಗಳಿಗೆ ಪಾತಾಳಗರಡಿ ಬಿಟ್ಟು ನೋಡಿದೆವು. ಸುಣ್ಣದ ಗುಂಡಿಗಳ ಸುತ್ತ, ಹಾಳುಬಿದ್ದ ಗೋದಾಮಿನೊಳಗೆ, ಕೆರೆಯ ಜೊಂಡಿನಲ್ಲಿ, ಎಲ್ಲಾ ಕಡೆ. ನಾನು ಎಲ್ಲರಿಗಿಂತ ಮುಂದೆ ಇದ್ದೆ. ನೋಡಿದ ಜಾಗ ಮರುದಿನ ಮರೆಯಬಾರದೆಂದು ಪ್ರತಿಯೊಂದು ಜಾಗವನ್ನೂ ನೋಡಿ ಮುಗಿಸಿ ಇಪ್ಪತ್ತು ಬಸ್ಕಿ ಹೊಡೆಯುತ್ತಿದ್ದೆ, ಜೊತೆಯವರಿಂದಲೂ ಹೊಡೆಸುತ್ತಿದ್ದೆ. ಸಂಜೆ ಹುಲಿಗೆವ್ವ ಹಳೆಯ ಕಾವಲು ಬುರುಜಿನ ಮೆಟ್ಟಿಲು ಹತ್ತಿ ನಾಲ್ಕೂ ದಿಕ್ಕಿಗೆ ತಿರುಗಿ “ಕಸ್ತೂರೀ” ಎಂದು ಕೂಗುತ್ತಿದ್ದಳು. ಕೆಳಗಿನಿಂದ ನಾವೂ ಕೂಗುತ್ತಿದ್ದೆವು.

ನಾಲ್ಕನೆಯ ದಿನವೋ ಐದನೆಯ ದಿನವೋ ನನಗೊಂದು ವಿಷಯ ಹೊಳೆಯಿತು. ಹುಡುಗಿಯನ್ನು ಕೊನೆಗೆ ಯಾರು ಯಾವಾಗ ನೋಡಿದರೆಂದು ಕೇಳುತ್ತಾ ಹೋದರೆ ಎಲ್ಲರ ಮಾತೂ ಸೋಮವಾರ ಸಂಜೆಗೆ ಬಂದು ನಿಲ್ಲುತ್ತಿತ್ತು. ಸೋಮವಾರ ಸಂಜೆ ಕಸ್ತೂರಿ ಅಂಗಡಿಯಿಂದ ದಾರದುಂಡೆ ತಂದಳು, ದೀಪ ಹಚ್ಚಿದಳು. ಆಮೇಲೆ ಬುಧವಾರ ಬೆಳಗು. ನಡುವಿನ ದಿನ ಹುಲಿಗೆವ್ವನಿಗಿರಲಿಲ್ಲ, ನನಗಿರಲಿಲ್ಲ, ಗಿರಿಜಾಳಿಗಿರಲಿಲ್ಲ, ಯಾವುದನ್ನೂ ಮರೆಯದ ಭಟ್ಟಿಯವರಿಗೂ ಇರಲಿಲ್ಲ. ಮೈಗಳ್ಳನಾಗಿ ಮನೆಯಲ್ಲಿ ಬಿದ್ದುಕೊಂಡು ಒಂದು ದಿನ ಕಳೆದುಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ಆದರೆ ಇಡೀ ಊರು ಒಂದೇ ದಿನವನ್ನು ಕಳೆದುಕೊಂಡಿತ್ತು. ಭಟ್ಟಿಯ ಮೇಸ್ತ್ರಿಯನ್ನು ನಾನು, “ಮಂಗಳವಾರ ಭಟ್ಟಿ ಹಚ್ಚಿದ್ರೇನು?” ಎಂದು ಕೇಳಿದೆ. ಅವನು ನನ್ನ ಮುಖ ನೋಡಿದ. ಅವನಿಗೂ ಹೊಳೆದಿತ್ತೆಂದು ಗೊತ್ತಾಯಿತು. “ಹೊತ್ತಾತು ಮಾಸ್ತರ,” ಎಂದು ಹೊರಟುಹೋದ. ಅಲ್ಲಿಂದಾಚೆಗೆ ಮಂಗಳವಾರ ಏನು ಮಾಡಿದಿರೆಂದು ಯಾರೂ ಯಾರನ್ನೂ ಕೇಳಲಿಲ್ಲ. ಹುಡುಕುವವರು ಒಬ್ಬರ ಕಣ್ಣನ್ನೊಬ್ಬರು ತಪ್ಪಿಸಿಕೊಂಡು ಹುಡುಕುತ್ತಿದ್ದರು.

ಹೆಡ್‌ಮಾಸ್ತರ ಗುರುಪಾದಪ್ಪನವರ ಕೋಣೆಗೆ ಹೋಗಿ ಹಾಜರಿ ಪುಸ್ತಕ ತೆಗೆಸಿದೆ. ನಮ್ಮೂರಿನಲ್ಲಿ ಹಾಜರಿಗೆ ದಿನಕ್ಕೊಂದು ಹಾಳೆ. ಸೋಮವಾರದ ಹಾಳೆ ಇತ್ತು, ಬುಧವಾರದ್ದಿತ್ತು. ನಡುವೆ ಹೊಲಿಗೆಯ ಬಳಿ ಬೆರಳಗಲದಷ್ಟು ಹರಿದ ಅಂಚು ಉಳಿದಿತ್ತು. ಆ ಪುಸ್ತಕದ ಕಪಾಟಿನ ಕೀಲಿ ಶಿವದಾರದ ಹಾಗೆ ಯಾವಾಗಲೂ ಅವರ ಕೊರಳಲ್ಲೇ ಇರುತ್ತಿತ್ತು. ಗುರುಪಾದಪ್ಪನವರು ಆ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ಪುಸ್ತಕ ಮುಚ್ಚಿ, “ಇಲಿ ಕಡದಿರಬೇಕು,” ಅಂದರು. ಪುಸ್ತಕವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

ದಿನಗಳು ಹೋದವು. ಹುಲಿಗೆವ್ವ ಊಟ ಬಿಟ್ಟಳು. ಎರಡು ತಾಟು ಹಾಕಿ ಒಂದರ ಮುಂದೆ ಕೂತು ಇನ್ನೊಂದನ್ನು ನೋಡುತ್ತಾಳೆಂದು ನೆರೆಯವರು ಹೇಳುತ್ತಿದ್ದರು. ಬುರುಜು ಹತ್ತುವುದನ್ನು ಮಾತ್ರ ಬಿಡಲಿಲ್ಲ. ದಿನವೂ ಹತ್ತಿದ್ದರಿಂದ ಪ್ರತಿ ಸಂಜೆಯ ಕೂಗೂ ಅವಳಲ್ಲಿ ಉಳಿಯುತ್ತಾ ಹೋಯಿತು. ಅವಳಲ್ಲಿ ಉಳಿದದ್ದು ಅದೊಂದೇ ಇರಬೇಕು.

ತಿಂಗಳಾಗುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಗಿರಿಜಾ ಹಿತ್ತಲ ಒಗೆಯುವ ಕಲ್ಲಿನ ಬಳಿಯಿಂದ ನನ್ನನ್ನು ಕರೆದಳು. ಕೈಯಲ್ಲಿ ನನ್ನ ಡ್ರಿಲ್ಲಿನ ಬಿಳಿ ಪ್ಯಾಂಟು.

“ಇದೇನ್ರಿ ಇದು? ಎಲ್ಲಿ ಕುಂತು ಬರ್ತೀರಿ ನೀವು?”

ಪ್ಯಾಂಟಿನ ಹಿಂಭಾಗದಲ್ಲಿ ಬೂದು ಬಣ್ಣದ ಕಲೆ ಇತ್ತು.

“ಸುಣ್ಣದ ಧೂಳಿರಬೇಕು.”

“ಸುಣ್ಣದ್ದಾದ್ರ ಹೋಗತೈತಿ. ಇದು ಬೂದಿ. ಈ ತಿಂಗಳಾಗ ಮೂರನೇ ಸಲ ತಿಕ್ಕಾಕತ್ತೀನಿ. ಮೂರೂ ಸಲ ನೀವು ಸಂಜೀಕ ತಡಾ ಮಾಡಿ ಬಂದ್ರಿ, ಯಾರ ಕೂಡ ಮಾತಾಡಲಿಲ್ಲ, ಉಣಲಿಲ್ಲ. ಮುಂಜಾನೆದ್ದು ನಕ್ಕೋತ ಚಾ ಕೇಳಿದ್ರಿ.”

ತಡಮಾಡಿ ಬಂದ ಒಂದು ಸಂಜೆಯೂ ನನಗೆ ನೆನಪಿರಲಿಲ್ಲ. ಆ ತಿಂಗಳು ಹುಡುಕುವಾಗ, ಹಿಂದಿನ ಸಂಜೆ ಎಲ್ಲಿ ಹುಡುಕಿದೆವೆಂಬುದು ನನ್ನ ನೆನಪಿನಲ್ಲಿ ಮೂರು ಸಲ ಖಾಲಿ ಬಿದ್ದಿತ್ತು. ಅಲಕ್ಷ್ಯದಿಂದ ಬಸ್ಕಿ ತಪ್ಪಿಸಿರಬೇಕು ಅಂದುಕೊಂಡಿದ್ದೆ. ಕೂತರೆ ಹತ್ತುವಷ್ಟು ಬೂದಿ ಬಿದ್ದಿರುವುದು ನಮ್ಮೂರಿನಲ್ಲಿ ಒಂದೇ ಕಡೆ. ಭಟ್ಟಿಗಳ ಉರಿದುಳಿದ ಬೂದಿಯನ್ನೆಲ್ಲ ಗಾಡಿಯಲ್ಲಿ ತುಂಬಿ ಸ್ಮಶಾನದ ತಗ್ಗಿಗೆ ಸುರಿಯುತ್ತಿದ್ದರು. ಇಷ್ಟು ಹುಡುಕಿದ ನಾವು ಸ್ಮಶಾನಕ್ಕೆ ಮಾತ್ರ ಹೋಗಿರಲಿಲ್ಲ. ಯಾರೂ ಅದರ ಹೆಸರೆತ್ತಿರಲಿಲ್ಲ.

ಆ ದಿನ ಶಾಲೆ ಬಿಟ್ಟ ಮೇಲೆ ಒಬ್ಬನೇ ಹೊರಟೆ. ಭಟ್ಟಿ ದಾಟಿ ಜಾಲಿಗಿಡಗಳ ಹಾದಿ ಹಿಡಿದಾಗ ಮುಂದೆ ಒಂದು ಹೆಂಗಸು ನಡೆಯುತ್ತಿರುವುದು ಕಂಡಿತು. ನನ್ನ ಹೆಜ್ಜೆಯ ಸಪ್ಪಳಕ್ಕೆ ತಿರುಗಿದಳು. ಹುಲಿಗೆವ್ವ.

“ನೀವೂ ಅಲ್ಲಿಗ ಹೊಂಟೀರೇನ್ರಿ?”

“ಹೌದು. ನೀ?”

ಸೀರೆಯ ಅಂಚನ್ನು ಎತ್ತಿ ತೋರಿಸಿದಳು. ಅದಕ್ಕೆ ಬೂದಿ ಹತ್ತಿ ಒಣಗಿತ್ತು. “ಇದು ನನಗ ಎಲ್ಲಿ ಹತ್ತಿತೋ ಗೊತ್ತಿಲ್ಲ,” ಎಂದಳು. ಇಬ್ಬರೂ ಮುಂದೆ ಹೊರಟೆವು. ಮೆಲ್ಲಗೆ, ಉಸಿರು ಹೆಚ್ಚಾಗದ ಹಾಗೆ ನಡೆದೆವು. ಯಾಕೆ ಹಾಗೆ ನಡೆದೆವೋ ಆಗ ಯೋಚಿಸಲಿಲ್ಲ.

ಕುಣಿ ತೋಡುವ ಫಕೀರಪ್ಪಜ್ಜ ತನ್ನ ಗುಡಿಸಲ ಮುಂದೆ ಸಲಿಕೆಗೆ ಹೊಸ ಕಾವು ಕೂಡಿಸುತ್ತಿದ್ದ. ಊರಿನಲ್ಲಿ ಸತ್ತವರ ತಿಥಿ ಯಾರಿಗಾದರೂ ಮರೆತರೆ ಅವನ ಬಳಿಗೇ ಹೋಗಿ ಕೇಳುವುದು ವಾಡಿಕೆ. ಆ ಗಟ್ಟಿ ನೆಲದಲ್ಲಿ ಕುಣಿ ತೋಡಿದವನಿಗೆ ಆ ದಿನದ್ದು ಏನೂ ಮರೆಯುವುದಿಲ್ಲ. ಅವನು ನಮ್ಮಿಬ್ಬರನ್ನೂ ನೋಡಿ ಸಲಿಕೆ ಕೆಳಗಿಟ್ಟ.

“ಇಬ್ಬರೂ ಕೂಡಿ ಬಂದದ್ದು ಇದ ಮೊದಲ ಸಲ,” ಅಂದ.

“ಅಂದ್ರ ಏನಜ್ಜಾ?”

“ನೀವು ಒಬ್ಬರ ಮೂರು ಸಲ ಬಂದು ಹೋಗೀರಿ ಮಾಸ್ತರ. ಈ ನಮ್ಮವ್ವ ಎರಡು ಸಲ. ನಾನಾಗಿ ಯಾರ ಮನಿಗೂ ಹೋಗಿ ಹೇಳೂದಿಲ್ಲ. ಆದ್ರ ಬಂದು ಕೇಳಿದವರಿಗೆ ಸುಳ್ಳ ಹೇಳೂದಿಲ್ಲ. ಕೇಳವರಿದ್ರ ಕೇಳ್ರಿ.”

ಹುಲಿಗೆವ್ವ ಕೇಳಿದಳು. “ನನ್ನ ಮಗಳು ಎಲ್ಲಿ ಅದಾಳ?”

ಅವನು ಕೈ ಮಾಡಿ ತೋರಿಸಿದ. ಗುಡಿಸಲಿನಿಂದ ಹತ್ತು ಮಾರು ದೂರದಲ್ಲಿ, ಒಂದು ಚಪ್ಪಟೆ ಕಲ್ಲಿನ ಪಕ್ಕಕ್ಕೆ, ನೆಲ ಸಮತಟ್ಟಾಗಿತ್ತು. ದಿಬ್ಬ ಇರಲಿಲ್ಲ, ಕಲ್ಲು ನೆಟ್ಟಿರಲಿಲ್ಲ. ಮೇಲೆ ಬೂದಿ ಹರಡಿತ್ತು.

ಫಕೀರಪ್ಪಜ್ಜ ಹೇಳಿದ್ದನ್ನು ಅವನ ಮಾತಿನಲ್ಲೇ ಹೇಳಬೇಕು. ನನ್ನ ಮಾತಿನಲ್ಲಿ ಹೇಳಿದರೆ ಎಲ್ಲೋ ಒಂದು ಕಡೆ ನನ್ನನ್ನು ನಾನೇ ಉಳಿಸಿಕೊಂಡುಬಿಡುತ್ತೇನೆ.

“ಮಂಗಳವಾರ ಮುಂಜಾನೆ, ಭಟ್ಟಿ ಹಚ್ಚೂದ್ರೊಳಗ, ನನ್ನ ಸಾಲಿಗೆ ಕರೆಸಿದ್ರು. ಹೋಗೂದ್ರೊಳಗ ಗೇಟ್ ಹಾಕಿದ್ರು. ಹುಡುಗೂರನ್ನೆಲ್ಲ ಸಾಲಾಗಿ ಬಿಸಲಾಗ ಕುಂದ್ರಿಸಿದ್ರು, ಬಾಯಿ ಮ್ಯಾಲ ಬೆರಳು. ಒಂದೂ ಮಿಸುಕಾಡವಲ್ದು. ಮೈದಾನದ ನಡುವ ಹುಡುಗಿ ಮಲಗಿತ್ತು. ನೀವು ಬಾಜೂಕ ಕುಂತಿದ್ರಿ ಮಾಸ್ತರ. ಒಂದ ಮಾತು ಆಡಾಕತ್ತಿದ್ರಿ. ಹತ್ತು ಸುತ್ತು ಓಡು ಅಂದೆ, ಆರನೇ ಸುತ್ತಿಗೆ ಎದಿ ಹಿಡಕೊಂಡು ಸಾಕ್ರೀ ಸರ್ ಅಂದಳು, ನಾ ಸೀಟಿ ಊದಿದೆ, ನಾ ಮತ್ತ ಊದಿದೆ. ಇಷ್ಟ. ಇದನ್ನ ಅಂತಿದ್ರಿ. ಹೆಡ್‌ಮಾಸ್ತರು ಊರಾಗೆಲ್ಲ ಹೇಳಿ ಕಳಿಸಿದ್ರು. ಯಾರೂ ಏಳಬ್ಯಾಡ್ರಿ, ಎಲ್ಲಾರೂ ಇದ್ದಲ್ಲೇ ಕುಂತುಬಿಡ್ರಿ, ಇದನ್ನ ಊರು ಹೊರೂದು ಆಗೂದಿಲ್ಲ ಅಂತ. ಭಟ್ಟಿನೂ ಹಚ್ಚಲಿಲ್ಲ. ನಾನೊಬ್ಬನ ಎದ್ದಾಂವ. ನಾ ಕುಂತ್ರ ಹುಡುಗಿನ್ನ ಎತ್ತವರು ಯಾರು?”

ಅವನು ಹುಲಿಗೆವ್ವನ ಕಡೆ ತಿರುಗಿದ.

“ನಿನ್ನ ಕರಕೊಂಡು ಬಂದ್ರವಾ. ನೀ ಅಳಲಿಲ್ಲ. ಕುಣಿ ಅಂಚಿಗೆ ಕುಂತಿ. ಒಂದು ಹಿಡಿ ಮಣ್ಣು ಹಾಕು ಅಂದೆ, ಒಲ್ಲೆ ಅಂದಿ. ನಾಳೆ ಇದು ಇರೂದಿಲ್ಲ ಹೌದಿಲ್ಲೋ ಅಂತ ಕೇಳಿದಿ. ಹೌದು ಅಂದೆ. ದಿಬ್ಬ ಮಾಡಬ್ಯಾಡಜ್ಜ ಅಂದಿ. ಆಕಿ ಸತ್ತದ್ದು ಮರೀತೈತಿ, ಆದ್ರ ಆಕಿ ಮರಿಯೂದಿಲ್ಲ, ಮರುದಿನ ಎಲ್ಲಾರೂ ಹುಡುಕ್ತಾರ ಅನ್ನೂದನ್ನ ಊರಾಗ ಯಾರೂ ವಿಚಾರ ಮಾಡಲಿಲ್ಲ. ಆಮ್ಯಾಲ ಎರಡು ಸಲ ಬಂದು ಕೇಳಿದಿ. ಎರಡೂ ಸಲ ಕೇಳಿ ಅಲ್ಲೇ ಕುಂತಿ. ಎಲ್ಲೋ ಅದಾಳ ಅಂತ ಇನ್ನೊಂದು ದಿನ ಇರಲಿ ಅಂದಿ.”

“ನಾನು?” ಎಂದೆ.

“ನೀವು ಏನೂ ಅನಲಿಲ್ಲ. ಮೂರೂ ಸಲ ಕೇಳಿದ್ರಿ, ಹೋಗಿ ಆ ಕಲ್ಲಿನ ಮ್ಯಾಲ ಕುಂತ್ರಿ. ಹೊತ್ತು ಮುಳುಗಿದ ಮ್ಯಾಲ ಎದ್ದು ಹೋದ್ರಿ.”

ಗಾಳಿ ಇರಲಿಲ್ಲ. ದೂರದಲ್ಲಿ ಭಟ್ಟಿಯ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ನಾನು ಆ ಹುಡುಗಿಯನ್ನು ಒಂದು ತಿಂಗಳಿನಿಂದ ಎಲ್ಲರಿಗಿಂತ ಮುಂದೆ ನಿಂತು ಹುಡುಕಿದ್ದೆ, ಅವಳ ಹೆಸರನ್ನು ಎಲ್ಲರಿಗಿಂತ ಜೋರಾಗಿ ಕೂಗಿದ್ದೆ. ಫಕೀರಪ್ಪಜ್ಜ ಸುಳ್ಳು ಹೇಳುತ್ತಿದ್ದಾನೆ ಎಂದು ಒಂದು ಗಳಿಗೆಯೂ ಅನಿಸಲಿಲ್ಲ. ಸಾಕ್ರೀ ಸರ್ ಅಂದಳು, ನಾ ಸೀಟಿ ಊದಿದೆ. ಅದು ನಾನು ಮಾಡುವಂಥದ್ದೇ.

ಆಮೇಲೆ ನಾನು ಮಾಡಿದ್ದನ್ನೂ ಹೇಳುತ್ತೇನೆ. ನಾನು ಆ ಚಪ್ಪಟೆ ಕಲ್ಲಿನ ಕಡೆ ನಡೆದೆ. ಯಾರೂ ನನ್ನನ್ನು ತಳ್ಳಲಿಲ್ಲ. ಕಾಲು ತಾವೇ ಹೋದವು, ಮೊಣಕಾಲು ತಾವೇ ಮಡಚಿದವು. ಕಲ್ಲಿನ ಮೇಲೆ ಬೂದಿಯ ನಡುವೆ ಒಬ್ಬ ಮನುಷ್ಯ ಕೂತಷ್ಟಗಲ ಒರೆಸಿದಂತೆ ಆಗಿತ್ತು. ನಾನು ಅದರ ಮೇಲೆಯೇ ಕೂತೆ. ತಣ್ಣಗಿತ್ತು. ನಾಳೆ ಬೆಳಿಗ್ಗೆ ಎದ್ದು ಗಿರಿಜಾಳ ಹತ್ತಿರ ಚಹಾ ಕೇಳುತ್ತೇನೆ ಎಂದುಕೊಂಡೆ.

ಹುಲಿಗೆವ್ವ ನನ್ನ ಎದುರಿಗೆ ಬಂದು ನಿಂತಳು. ಅವಳೂ ಕೂರುತ್ತಾಳೆ, ಇಬ್ಬರೂ ಕೂತು ಕಳೆಯುತ್ತೇವೆ ಎಂದು ನಾನು ಕಾದೆ. ಅವಳು ನನ್ನ ಅಂಗಿಯ ಕೊರಳಪಟ್ಟಿ ಹಿಡಿದಳು.

“ಏಳ್ರಿ.”

“ಹುಲಿಗೆವ್ವ, ನನ್ನ ಕೈಲಿ ಆಗೂದಿಲ್ಲ.”

“ನನ್ನ ಮಗಳಿಗೂ ಆಗಲಿಲ್ರಿ. ಓಡಿಸಿದ್ರಿಲ್ಲೋ? ಏಳ್ರಿ.”

ಊಟ ಬಿಟ್ಟು ಕಡ್ಡಿಯಾಗಿದ್ದ ಆ ಹೆಂಗಸು ನನ್ನನ್ನು ಎಳೆದು ನಿಲ್ಲಿಸಿದಳು. ಸ್ಮಶಾನದ ಕೆಳಗೆ ಒಣಗಿದ ಹಳ್ಳವಿದೆ, ಅದರ ತುಂಬ ತಲೆಗಾತ್ರದ ಕಲ್ಲುಗಳು. ಅವಳು ಸೆರಗು ಸೊಂಟಕ್ಕೆ ಸಿಗಿಸಿ ಹಳ್ಳಕ್ಕೆ ಇಳಿದು ಒಂದು ಕಲ್ಲೆತ್ತಿ ನನ್ನ ತೋಳಿಗೆ ಕೊಟ್ಟಳು, ಒಂದನ್ನು ತಾನು ಎತ್ತಿಕೊಂಡಳು. ದಡ ಹತ್ತಿ ಆ ಸಮತಟ್ಟು ನೆಲದ ಮೇಲಿಟ್ಟೆವು. ಮತ್ತೆ ಇಳಿದೆವು. ಮೂರನೆಯ ಕಲ್ಲಿಗೆ ನನ್ನ ಉಸಿರು ಕಟ್ಟಿತು. ಒಂದು ಕಡೆ ನಿಂತರೆ ಅವಳು ತಿರುಗಿ ನೋಡುತ್ತಿದ್ದಳು, ನಾನು ಮತ್ತೆ ನಡೆಯುತ್ತಿದ್ದೆ. ಅವಳ ಉಸಿರು ಸಿಳ್ಳಿನಂತೆ ಕೇಳುತ್ತಿತ್ತು, ಆದರೂ ನಿಲ್ಲಲಿಲ್ಲ. ಫಕೀರಪ್ಪಜ್ಜ ತಾನು ಕಲ್ಲು ಮುಟ್ಟಲಿಲ್ಲ, ಸುಮ್ಮನೆ ನೋಡುತ್ತಿದ್ದ. ಹನ್ನೊಂದು ವರ್ಷದ ಹುಡುಗಿಯ ಉದ್ದಕ್ಕೆ ಕಲ್ಲು ಸುತ್ತುವರಿಯುವ ಹೊತ್ತಿಗೆ ಇಬ್ಬರ ಕೈಯಿಂದಲೂ ರಕ್ತ ಬರುತ್ತಿತ್ತು.

“ನಾಳೆ ನನಗ ಗೊತ್ತಿರತೈತಿ,” ಎಂದಳು ಹುಲಿಗೆವ್ವ. “ನಿಮಗೂ ಗೊತ್ತಿರಬೇಕು. ಅಷ್ಟ.”

ಮರುದಿನ ಬೆಳಿಗ್ಗೆ ಕಣ್ಣು ತೆರೆಯುವ ಮೊದಲೇ ಅದು ನನ್ನ ಎದೆಯ ಮೇಲೆ ಕೂತಿತ್ತು. ಶಾಲೆಗೆ ಹೋದೆ. ಪ್ರಾರ್ಥನೆಗೆ ನಿಂತ ಮಕ್ಕಳ ಎದುರು, ಗುರುಪಾದಪ್ಪನವರ ಎದುರು, ಗೇಟಿನ ಬಳಿ ನಿಂತ ತಾಯಂದಿರ ಎದುರು ಎಲ್ಲವನ್ನೂ ಹೇಳಿದೆ. ಸುದ್ದಿ ಹಬ್ಬಿ ಭಟ್ಟಿಯವರೂ ಬಂದರು, ಅವರಿಗೂ ಹೇಳಿದೆ. ಒಬ್ಬ ನನ್ನ ಕೆನ್ನೆಗೆ ಹೊಡೆದ. ಒಬ್ಬಳು ಮುಖಕ್ಕೆ ಉಗಿದಳು. ಮೊದಲು ಕೂತವರು ಗುರುಪಾದಪ್ಪನವರು. ನಿಂತಲ್ಲಿಯೇ ಮಣ್ಣಿನಲ್ಲಿ ಕೂತು ಕಣ್ಣು ಮುಚ್ಚಿದರು. ಅವರ ಹಿಂದೆ ಒಬ್ಬೊಬ್ಬರಾಗಿ, ಗೋಡೆಗೆ ಒರಗಿ, ಬೇವಿನ ಕಟ್ಟೆಯ ಮೇಲೆ, ಹೆಂಗಸರು ಮಕ್ಕಳನ್ನು ತೊಡೆಯ ಮೇಲೆಳೆದುಕೊಂಡು ಕೂತರು. ನನ್ನ ಕೆನ್ನೆಗೆ ಹೊಡೆದವನೂ ಕೂತ. ಇನ್ನುಳಿದವರು ಮೈದಾನದ ಸುತ್ತ ಓಡಿದರು. ಯಾರೂ ಕೂಗಲಿಲ್ಲ, ಅಳಲಿಲ್ಲ. ಕೂತವರ ನಡುವಿನಿಂದ ದಾರಿ ಮಾಡಿಕೊಂಡು ಸುತ್ತು ಹಾಕುವವರ ಬರಿಗಾಲಿನ ಸಪ್ಪಳ ಮಾತ್ರ.

ಅಲ್ಲಿಂದಾಚೆಗೆ ಊರು ಎರಡಾಯಿತು. ಬೆಳಿಗ್ಗೆ ನಾನು ಹೊರಗೆ ಬಂದರೆ ಓಡಿದವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೂತವರು ಎಂದಿನಂತೆ ಕೈಮುಗಿದು, “ಇವತ್ತ ಯಾವ ಕಡೆ ಹುಡುಕೋಣ್ರಿ ಮಾಸ್ತರ?” ಎಂದು ಕೇಳುತ್ತಿದ್ದರು. ಗಿರಿಜಾ ಓಡಿದ್ದಳು. ಅವಳು ನನ್ನ ಊಟ ಬಡಿಸಿ ಇನ್ನೊಂದು ಕೋಣೆಗೆ ಹೋಗುತ್ತಿದ್ದಳು.

ಸಂಜೆಯಾದರೆ ಕೂತವರು ಕಂದೀಲು ಹಿಡಿದು ಹೊರಡುತ್ತಿದ್ದರು. “ಕಸ್ತೂರೀ, ಕಸ್ತೂರೀ” ಎಂದು ಕೂಗುತ್ತಾ ಹುಲಿಗೆವ್ವನ ಮನೆಯ ಮುಂದೆಯೇ ಹಾಯುತ್ತಿದ್ದರು. ಅವಳ ಬಾಗಿಲು ತೆರೆದಿರುತ್ತಿತ್ತು, ಅವಳು ಒಳಗಿರುತ್ತಿದ್ದಳು. ನಾನು ಅವರನ್ನು ಅಗಸಿಯ ಬಳಿ ತಡೆದು ನಿಲ್ಲಿಸಿ ಹೇಳುತ್ತಿದ್ದೆ. ಪ್ರತಿ ಸಂಜೆ ಹೇಳಿದೆ. ಪ್ರತಿ ಸಂಜೆ ಅವರು ಮೊದಲ ಸಲ ಕೇಳುತ್ತಿದ್ದರು. ಹೊಡೆದವನು ಮತ್ತೆ ಹೊಡೆದ, ಮತ್ತೆ ಕೂತ. ಮಾರನೆಯ ದಿನ ನನ್ನ ಹೆಗಲ ಮೇಲೆ ಕೈ ಹಾಕಿ, “ನಿಮ್ಮ ಕೆನ್ನಿ ಯಾಕ ಬಾತೈತ್ರೀ?” ಎಂದು ಕೇಳಿದ. ಆದರೆ ಪ್ರತಿ ಸಂಜೆ ಒಬ್ಬರೋ ಇಬ್ಬರೋ ಕೂರದೆ ಓಡುತ್ತಿದ್ದರು. ನಲವತ್ತು ಕಂದೀಲು ಮೂವತ್ತಾದವು, ಹನ್ನೆರಡಾದವು, ಐದಾದವು. ಹೊಡೆಯುವವನು ಒಂದು ಸಂಜೆ ಕೈಯೆತ್ತಿ, ಹೊಡೆಯದೆ, ತಿರುಗಿ ಓಡಿದ.

ಕೊನೆಗೆ ಉಳಿದವರು ಗುರುಪಾದಪ್ಪನವರೊಬ್ಬರೇ. ವಯಸ್ಸಾದವರು, ಮಂಡಿ ನೋವು. ಒಂದು ಕಂದೀಲು ಹಿಡಿದು ಸಣ್ಣ ಧ್ವನಿಯಲ್ಲಿ ಕೂಗುತ್ತಾ ಒಬ್ಬರೇ ಬರುತ್ತಿದ್ದರು. ಮಿಕ್ಕವರೆಲ್ಲ ಎಲ್ಲಿ ಹೋದರೆಂದು ಅವರಿಗೆ ದಿನವೂ ಆಶ್ಚರ್ಯ. ನಾನು ಹೇಳಿದಾಗ ದಿನವೂ ಒಂದೇ ಮಾತು ಕೇಳುತ್ತಿದ್ದರು. “ಕುಂದರ್ರಿ ಅಂತ ಎಲ್ಲಾರಿಗೂ ನಾನ ಹೇಳಿದ್ನೇನ್ರಿ?” ನಾನು ಹೌದೆನ್ನುತ್ತಿದ್ದೆ. ಅವರು ಅಗಸಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ನಾನು ಸ್ವಲ್ಪ ದೂರ ನಿಂತು, ಅವರು ಎದ್ದು ಮನೆಗೆ ಹೋಗುವವರೆಗೆ ಕಾಯುತ್ತಿದ್ದೆ. ಹೀಗೆ ಒಂಬತ್ತು ಸಂಜೆ. ಹತ್ತನೆಯ ಸಂಜೆ ಅವರು ಕಟ್ಟೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. “ನಾ ನಿಮ್ಮ ಮುಂದ ಎಷ್ಟು ಸಲ ಕುಂತೀನ್ರಿ?” ಎಂದು ಕೇಳಿದರು. ಹೇಳಿದೆ. ಕಂದೀಲು ಕೆಳಗಿಟ್ಟು ಕೈ ಚಾಚಿದರು. ಅವರ ತೋಳು ಹಿಡಿದು ಶಾಲೆಯ ಮೈದಾನಕ್ಕೆ ಕರೆದುಕೊಂಡು ಹೋದೆ. ಒಂದೂವರೆ ಸುತ್ತು ಆಗುವಷ್ಟರಲ್ಲಿ ಅವರು ಬೇವಿನ ಗಿಡ ಹಿಡಿದು ಬಾಗಿ, ಮಗುವಿನ ಹಾಗೆ ಬಿಕ್ಕುತ್ತಾ ಉಸಿರೆಳೆದರು.

ಮಾರನೆಯ ಸಂಜೆ ಅಭ್ಯಾಸಬಲದಿಂದ ನಾನು ಅಗಸಿಗೆ ಹೋದೆ. ಯಾರೂ ಬರಲಿಲ್ಲ. ದೀಪ ಹಚ್ಚುವ ಹೊತ್ತು ಮೀರಿತು. ಎಲ್ಲ ಮನೆಗಳ ಬಾಗಿಲೂ ಹಾಕಿದ್ದವು. ಹಿಂತಿರುಗುವಾಗ ಹುಲಿಗೆವ್ವನ ಓಣಿಯಿಂದಲೇ ಬರಬೇಕಾಯಿತು. ಅವಳು ಹೊಸ್ತಿಲಲ್ಲಿ ನಿಂತಿದ್ದಳು. ಕಲ್ಲು ಹೊತ್ತ ದಿನದಿಂದ ಅವಳು ನನ್ನ ಜೊತೆ ಮಾತಾಡಿರಲಿಲ್ಲ. ತಲೆ ತಗ್ಗಿಸಿ ದಾಟುತ್ತಿದ್ದೆ.

“ಮಾಸ್ತರ,” ಎಂದಳು. “ಇವತ್ತ ಯಾಕ ಯಾರೂ ಆಕಿನ್ನ ಕರೀಲಿಲ್ಲ?”

ನಾನು ನಿಂತೆ. “ಎಲ್ಲಾರೂ ಓಡಿದ್ರವಾ. ಹೆಡ್‌ಮಾಸ್ತರೂ.”

“ಎಲ್ಲಾರೂ?”

“ಎಲ್ಲಾರೂ.”

ಅವಳು ಓಣಿಯ ಆ ತುದಿ ಈ ತುದಿ ನೋಡಿದಳು. ಒಳಗೆ ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಒಂದು ಹೆಜ್ಜೆ ಕೆಳಗಿಳಿದು, ಕತ್ತಲಾದರೂ ಆಟ ಬಿಟ್ಟು ಬಾರದ ಮಗಳನ್ನು ಊಟಕ್ಕೆ ಕರೆಯುವ ಹಾಗೆ, ಸ್ವಲ್ಪ ಸಿಟ್ಟಿನಿಂದ, “ಕಸ್ತೂರೀ” ಎಂದು ಒಂದೇ ಸಲ ಕೂಗಿದಳು. ಆಮೇಲೆ ಒಳಗೆ ಹೋದಳು. ಕದ ಹಾಕುವ ಮುಂಚೆ ಸ್ವಲ್ಪ ಹೊತ್ತು ಕಾದಳು.